ಕಿಟಕಿಯಿಂದ ಹಾರಿದ ದುರ್ಯೋಧನ

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ನನ್ನ ಮನೆಗೇ ವೈರಸ್ಸು ನುಗ್ಗುವುದೇ? ಕೂಡದು! 2008ರ ಬೇಸಿಗೆಯಲ್ಲಿ ನಾನು ಭೀಷ್ಮಪ್ರತಿಜ್ಞೆಯನ್ನೇ ಮಾಡಿದೆ.

ವೈರಸ್ಸುಗಳ ತವರು ನನ್ನ ಭಾವಮೈದ ಮೋಹನ್‌ಬಾಬುವಿನ ಪೆನ್‌ಡ್ರೈವು. ಸಿನಿಮಾ ಹಾಡು ತುಂಬಿಸಿಕೊಳ್ಳಲು ಸಾದಲಿಯಿಂದ ಆಗಾಗ ಬರುತ್ತಿದ್ದ. ಅವನಿಗೆಂದೇ ನನ್ನ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಇನ್ನೊಂದು ಕಂಪ್ಯೂಟರ್ ಕಟ್ಟಿದೆ. ವರ್ಚುವಲ್ ಮಷೀನ್! ಅದು ಹಾಳಾದರೂ ಹೊರಗಿನದು ಕ್ಷೇಮ.

“ಒಳಗೆ ಕೂತೋನಿಗೆ ಹೊರಗಿನ ಒಂದು ಫೈಲೂ ಕಾಣಲ್ಲ ಕಣೇ,” ಎಂದು ಹೆಂಡತಿ ತನುಜಳೆದುರು ಕೊಚ್ಚಿಕೊಂಡೆ.

“ಮತ್ತೆ ಹಾಡು ಹೆಂಗ್ರೀ ಕೊಡ್ತೀರಾ?”

“ಎರಡಕ್ಕೂ ಸೇರಿ ಒಂದು ಫೋಲ್ಡರ್ ಇಟ್ಟಿದೀನಿ. ಕಿಟಕಿ ಇದ್ದಂಗೆ.”

“ಕಿಟಕೀಗೆ ಸರಳು ಹಾಕ್ಸಿದೀರಾ?”

ನನಗೇ ಪಾಠವೇ ಎಂದು ನಕ್ಕೆ. ಆದರೆ ಸರಳು ಇರಲಿಲ್ಲ. ಆ ಫೋಲ್ಡರಿನ ಮೂಲಕ ಹೊರಗಿನ ಡಿಸ್ಕಿಗೇ ದಾಟಿಬಿಡಬಹುದು, ಸದ್ಯಕ್ಕೆ ಅದನ್ನು ಮುಚ್ಚಿ ಎಂದು ಸಾಫ್ಟ್‌ವೇರಿನವರೇ ಎಚ್ಚರಿಸಿದ್ದರು. ಓದಿ, ನೋಡೋಣ ಬಿಡು ಎಂದಿದ್ದೆ.

ಹೊರಗಿನ ಡಿಸ್ಕಿನಲ್ಲಿ ನನ್ನ ಮಾನವಿತ್ತು! ಸಾದಲಿಯ ನಾಟಕದಲ್ಲಿ ದುರ್ಯೋಧನನ ಪಾತ್ರ ಗಿಟ್ಟಿಸಲು, ತನುಜ ಮಾರ್ಕೆಟ್ಟಿಗೆ ಹೋದಾಗ ಮಾಡಿದ ತಾಲೀಮಿನ ವಿಡಿಯೋ. ಹೆಗಲ ಮೇಲೆ ಅವಳ ಧಾರೆ ಸೀರೆ, ಕೈಯಲ್ಲಿ ಗದೆಯ ಬದಲು ರಾಗಿ ಹಿಟ್ಟು ಮೆತ್ತಿದ ಮುದ್ದೆಕೋಲು! ಸೀರೆಯ ಕಲೆ ಕಂಡು ತನುಜ ಇಸ್ತ್ರಿ ಅಂಗಡಿಯವನನ್ನು ಬೈದಿದ್ದಳು. ಪಕ್ಕದಲ್ಲಿ ನಿಂತು ನಾನೂ ಬೈದಿದ್ದೆ.

ಮೋಹನ್‌ಬಾಬು ತಂದಿದ್ದ ಸಿಕ್ಕ ವಿಡಿಯೋಗಳನ್ನೆಲ್ಲ ಬಾಚಿಕೊಳ್ಳುವ ಯಾವುದೋ ಪ್ರೋಗ್ರಾಮು ಆ ಕಿಟಕಿಯಿಂದ ಹೊರಗಿನ ಡಿಸ್ಕಿಗೆ ಹಾರಿ, ಹಾಡುಗಳ ಜೊತೆ ನನ್ನನ್ನೂ ಪೆನ್‌ಡ್ರೈವಿಗೆ ತುಂಬಿತು. ಅವನು ಅದನ್ನು ಹಿಂದುಮುಂದು ನೋಡದೆ, ಸಾದಲಿಯ ನನ್ನ ಮಾವನ ಮನೆಯಲ್ಲಿ ನಾಮಕರಣದ ದಿನ ನೆಂಟರ ಮುಂದೆ ಟಿ.ವಿ.ಗೆ ಹಾಕಿದ. ಎರಡು ಹಾಡು ಮುಗಿದವು. ಮೂರನೆಯದು ನಾನು!

“ಎಲೈ ಪಾಂಡವಾಧಮರೇ!”

“ಅಯ್ಯೋ, ನಮ್ಮ ಅಳಿಯಂದ್ರು!” ಎಂದು ಅತ್ತೆ ಗಂಗುಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ತನುಜ ಮಾತ್ರ ನಗಲಿಲ್ಲ. “ರೀ... ಇಸ್ತ್ರಿ ಅಂಗಡಿಯವನು ಅಂದ್ರಲ್ಲ?”

ನಾಚಿಕೆಯಿಂದ ನಾನು ಕಂಬದ ಹಿಂದೆ ಸರಿದೆ. ಆದರೂ ಆಸೆ! ಪಾತ್ರ ಹಂಚುವ ನಾಟಕದ ಮೇಷ್ಟ್ರು ರಾಮಾಂಜಿನಪ್ಪ ಅಲ್ಲೇ ಕೂತಿದ್ದರು. ಅವರ ಮುಖ ನೋಡಿದೆ.

“ದುರ್ಯೋಧನಂಗೆ ಈ ಗಂಟಲು ಸಾಲ್ದು ಸಾರ್,” ಎಂದರು ಅವರು. “ಸೀರೆ ಮಾತ್ರ ಬೋ ಚೆನ್ನಾಗಿ ಒಪ್ತದೆ. ದ್ರೌಪದಿ ಮಾಡ್ತೀರಾ?”

ನಾನು ಬಾಯಿ ತೆರೆಯುವ ಮೊದಲೇ ತನುಜ ಎದ್ದು ನಿಂತಳು.

“ಮಾಡ್ಲಿ ಬಿಡಿ ಮೇಷ್ಟ್ರೇ. ದುಶ್ಶಾಸನನ ಪಾತ್ರ ನಂಗೆ ಕೊಡಿ. ನನ್ನ ಸೀರೆ ನಾನೇ ಎಳ್ಕೊತೀನಿ!”