ಒಂದೇ ಲೇಯರಿನ ಕಾರು

ಹೆಂಡತಿಯ ಕೆಲಸಕ್ಕೆ ಒಂದು ಶಿಸ್ತು ತಂದೇ ತೀರುವುದೆಂದು ಯಜಮಾನರು ರಜೆಯ ದಿನ ಬೆಳಿಗ್ಗೆಯೇ ಪಣ ತೊಟ್ಟರು. ಅವರು ಗೋದಾಮಿನ ಮೇಲ್ವಿಚಾರಕರು. ಅವರ ಕಣ್ಣಿಗೆ ಬಿದ್ದ ಯಾವ ವಸ್ತುವೂ ಹರಡಿಕೊಂಡು ಬದುಕಿದ್ದಿಲ್ಲ.

ಹೆಂಡತಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಷೋರೂಮಿನವರ ಕಾರಿನ ಫೋಟೋ ತಿದ್ದುತ್ತಿದ್ದಳು. ಮಾಲೀಕರು ಇದನ್ನು ಮೆಚ್ಚಿದರೆ ಮುಂದಿನ ಫೋಟೋಗಳೆಲ್ಲ ಅವಳಿಗೇ. ಬಡಿಸುವ ಕೆಲಸವಿಲ್ಲದೆ ಅವಳು ಆ ಮೇಜಿನ ಬಳಿ ಅಷ್ಟು ಹೊತ್ತು ಇದ್ದದ್ದು ಅದೇ ಮೊದಲು.

"ಇದೇನೇ, ಪಕ್ಕದಲ್ಲಿ ಇಷ್ಟುದ್ದ ಸಾಲು?"

"ಲೇಯರ್‌ಗಳು ರೀ. ಗಾಜಿನ ಹಾಳೆ ಒಂದರ ಮೇಲೊಂದು ಇಟ್ಟ ಹಾಗೆ. ಕಾರಿನ ಬಣ್ಣ, ಚಕ್ರ, ನೆರಳು, ಹಿಂದಿನ ಗೋಡೆ, ಪಕ್ಕ ನಿಂತಿರೋ ಸೇಲ್ಸ್‌ಮನ್, ಎಲ್ಲಾ ಬೇರೆ ಬೇರೆ. ಒಂದನ್ನ ಮುಟ್ಟಿದ್ರೆ ಇನ್ನೊಂದು ಕೆಡಲ್ಲ."

"ಒಂದು ಕಾರಿಗೆ ಇಷ್ಟು ದೊಡ್ಡ ಸಂಸಾರ ಯಾಕೆ? ನಮ್ಮ ಗೋದಾಮಲ್ಲಾಗಿದ್ರೆ ಎಲ್ಲಾ ಒಂದೇ ಪೆಟ್ಟಿಗೆಗೆ ತುಂಬಿ ಮುಚ್ಚಳ ಹಾಕ್ತಿದ್ವಿ."

"ಸರಿ. ನಿಮ್ಮಮ್ಮನಿಗೆ ಮಾತ್ರೆ ಕೊಡೋ ಹೊತ್ತಾಯ್ತು. ಕೊಡ್ತೀರಾ?"

"ಮಾತ್ರೆ ಎಲ್ಲಿರುತ್ತೆ?"

ಹೆಂಡತಿ ಎದ್ದಳು. ಎದ್ದದ್ದೇ ತಡ, ಮಾತ್ರೆ, ಬಿಸಿನೀರು, ಉಕ್ಕುತ್ತಿದ್ದ ಹಾಲು, ಒಣಗಿದ ಬಟ್ಟೆ, ಎಲ್ಲವೂ ತಮ್ಮ ಸರದಿಗೆ ಕಾದಿದ್ದಂತೆ ಅವಳ ಕೈಗೆ ಬಂದವು.

ಯಜಮಾನರು ಅವಳ ಕುರ್ಚಿಯಲ್ಲಿ ಆಸೀನರಾದರು. ಎಲ್ಲ ಲೇಯರ್‌ಗಳನ್ನೂ ಒಟ್ಟುಗೂಡಿಸುವ ಆಜ್ಞೆಯನ್ನು ಹುಡುಕಿ ಒತ್ತಿದರು. ಉದ್ದ ಸಾಲು ಮಾಯವಾಗಿ ಒಂದೇ ಒಂದು ಉಳಿಯಿತು. ಸೇವ್ ಮಾಡಿ, ಫೈಲು ಮುಚ್ಚಿ, ಆ ಅಚ್ಚುಕಟ್ಟುತನದ ಸೊಬಗನ್ನು ಸವಿಯಲು ಮತ್ತೆ ತೆರೆದರು. ದಂಡಯಾತ್ರೆ ಮುಗಿಸಿದ ಚಕ್ರವರ್ತಿಯಂತೆ ಬೆನ್ನು ಒರಗಿಸಿದರು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನ್ ಬಡಿದುಕೊಂಡಿತು. ಷೋರೂಮಿನ ಮಾಲೀಕರು.

"ಮೇಡಂ ಇಲ್ವಾ? ಆ ಕೆಂಪು ಕಾರನ್ನ ನೀಲಿ ಮಾಡಿ ಕಳಿಸೋಕೆ ಹೇಳಿ."

"ಅವಳ್ಯಾಕೆ, ನಾನೇ ಕಳಿಸ್ತೀನಿ ಬಿಡಿ."

ಯಜಮಾನರು ಬಣ್ಣ ಬದಲಿಸಿದರು. ಕಾರು ನೀಲಿಯಾಯಿತು. ಚಕ್ರವೂ ನೀಲಿಯಾಯಿತು, ಗೋಡೆಯೂ ನೀಲಿಯಾಯಿತು. ಎಷ್ಟು ಒಳ್ಳೆಯ ಹೊಂದಾಣಿಕೆ ಎಂದುಕೊಂಡು ಕಳಿಸಿಯೇಬಿಟ್ಟರು.

ಫೋನ್ ಮತ್ತೆ ಬಂತು.

"ಸ್ವಾಮಿ, ನಾನು ಕಾರು ಮಾತ್ರ ಅಂದಿದ್ದು. ನಮ್ಮ ಸೇಲ್ಸ್‌ಮನ್ ಯಾಕೆ ಹೀಗೆ ನೀಲಿಗಟ್ಟಿದಾನೆ? ಪಾಪ, ಫೋಟೋ ನೋಡಿದಾಗಿಂದ ನಾಡಿ ಹಿಡ್ಕೊಂಡು ಕೂತಿದಾನೆ. ಈಗಿಂದೀಗ ಸರಿಯಾದ್ದು ಬರ್ಲಿಲ್ಲ ಅಂದ್ರೆ ಕೆಲಸ ಬೇರೆಯವರಿಗೆ ಕೊಡ್ತೀನಿ."

ಯಜಮಾನರ ಮುಖದಲ್ಲಿ ಯಾವ ಬಣ್ಣವೂ ಉಳಿಯಲಿಲ್ಲ. ಕೂಡಿಸಿದ್ದನ್ನು ಬಿಡಿಸಲು ಕಂಡಕಂಡ ಗುಂಡಿಯನ್ನೆಲ್ಲ ಒತ್ತಿದರು. ಮುಚ್ಚಿ ತೆರೆದ ಫೈಲು ಹಿಂದಿನದೇನನ್ನೂ ನೆನಪಿಟ್ಟುಕೊಂಡಿರಲಿಲ್ಲ.

ಹೆಂಡತಿ ಬಟ್ಟೆ ಮಡಿಸುತ್ತಾ ಬಂದಳು. ನೋಡಿದಳು. ಮಾಲೀಕರು ಕಾರು ಮಾತ್ರ ನೀಲಿ ಕೇಳಿದ್ದರೆಂದು ಯಜಮಾನರು ಒಪ್ಪಿಕೊಂಡರು. "ಏಳಿ" ಎಂದು ಬಟ್ಟೆಯ ರಾಶಿಯನ್ನು ಅವರ ತೋಳಿಗೆ ಹೇರಿ, ಕೂತು, ಇನ್ನೊಂದು ಫೈಲು ತೆರೆದಳು. ಅದರ ಹೆಸರು "ಯಜಮಾನರು ಮುಟ್ಟುವ ಮುನ್ನ".

ಉದ್ದ ಸಾಲು ಒಂದಿಷ್ಟೂ ಕೊಂಕದೆ ನಿಂತಿತ್ತು. ಕಾರಿನ ಬಣ್ಣದ ಲೇಯರನ್ನಷ್ಟೇ ಮುಟ್ಟಿದಳು. ಕಾರು ನೀಲಿಯಾಯಿತು. ಸೇಲ್ಸ್‌ಮನ್ ಆರೋಗ್ಯವಾಗಿ ನಗುತ್ತಿದ್ದ.

ಕಳಿಸಿದ ಕೂಡಲೇ ಮಾಲೀಕರ ಫೋನ್ ಬಂತು. "ಮೇಡಂ, ಇನ್ಮೇಲೆ ಎಲ್ಲಾ ಫೋಟೋನೂ ನಿಮಗೇ. ಒಂದೇ ಷರತ್ತು, ಫೋನ್ ನೀವೇ ಎತ್ತಬೇಕು."

ಯಜಮಾನರು ಬಟ್ಟೆ ರಾಶಿಯ ಹಿಂದಿನಿಂದ ಕೇಳಿದರು. "ಅಲ್ಲ ಕಣೇ, ಮೊದಲೇ ನಕಲು ಮಾಡಿಟ್ಟಿದೀಯಲ್ಲ, ನನ್ನ ಮೇಲೆ ನಿಂಗೆ ಸ್ವಲ್ಪಾನೂ ನಂಬಿಕೆ ಇರ್ಲಿಲ್ವಾ?"

"ಪೂರ್ತಿ ನಂಬಿಕೆ ಇತ್ತು ರೀ. ಅದಕ್ಕೇ ಮಾಡಿಟ್ಟಿದ್ದು."