ಒಂದು ಮೊಳೆ, ಒಂದು ಸಾಮಾನು

ಇಷ್ಟೆಲ್ಲ ರಾದ್ಧಾಂತ ಶುರುವಾದದ್ದು ಒಂದು ಕತ್ತರಿಯಿಂದ.

ಬೆಳಿಗ್ಗೆ ಎಂಟೂಕಾಲಿಗೆ ಆಫೀಸಿನ ಗುಮಾಸ್ತ ಬಂದು ಕಾರ್ಖಾನೆಯ ಸ್ಟೋರಿನ ಬಾಗಿಲಲ್ಲಿ ನಿಂತ. ಅವನ ಟೈಯ ತುದಿಯಿಂದ ಒಂದು ದಾರದ ಎಳೆ ಇಳಿಬಿದ್ದಿತ್ತು. ಅದನ್ನು ಎತ್ತಿ ತೋರಿಸಿ, "ಒಂದು ಕತ್ತರಿ ಕೊಡಪ್ಪ, ಇಲ್ಲೇ ಕತ್ತರಿಸಿ ವಾಪಸ್ ಕೊಡ್ತೀನಿ" ಅಂದ.

"ಬಿಲ್ಲೆ?" ಅಂದ ಮೊಳೆಯಣ್ಣ.

"ಎರಡು ಸೆಕೆಂಡಿನ ಕೆಲಸಕ್ಕೆ ಎಂಥಾ ಬಿಲ್ಲೆನಯ್ಯಾ?"

"ಎರಡು ಸೆಕೆಂಡಾದ್ರೂ ಅಷ್ಟೇ, ಎರಡು ವರ್ಷವಾದ್ರೂ ಅಷ್ಟೇ. ಬಿಲ್ಲೆ ಕೊಟ್ಟವರಿಗೆ ಇಲ್ಲ ಅನ್ನಲ್ಲ, ಯಾಕೆ ಅಂತ ಕೇಳಲ್ಲ. ಬಿಲ್ಲೆ ಇಲ್ದೆ ದೇವರೇ ಬಂದ್ರೂ ಒಂದು ಗುಂಡುಪಿನ್ನೂ ಹುಟ್ಟಲ್ಲ."

ಆ ಕಾರ್ಖಾನೆಯಲ್ಲಿ ಪ್ರತಿಯೊಬ್ಬನಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಇತ್ತು. ಬಿಲ್ಲೆಯನ್ನು ಮೊಳೆಗೆ ತೂಗುಹಾಕಿ ಸಾಮಾನು ಒಯ್ಯಬೇಕು, ಸಾಮಾನು ತಂದು ಬಿಲ್ಲೆ ಬಿಡಿಸಿಕೊಳ್ಳಬೇಕು. ಸ್ಟೋರಿನ ದೊಡ್ಡ ಗೋಡೆಯ ತುಂಬ ಮೊಳೆಗಳು. ಒಂದೊಂದು ಮೊಳೆಯ ಕೆಳಗೂ ಅಲ್ಲಿ ತೂಗಬೇಕಾದ ಸಾಮಾನಿನ ನೆರಳನ್ನು ಬಿಳಿ ಬಣ್ಣದಲ್ಲಿ ಬರೆದಿತ್ತು. ಸುತ್ತಿಗೆಯ ನೆರಳಿನಲ್ಲಿ ಸುತ್ತಿಗೆ, ಗರಗಸದ ನೆರಳಿನಲ್ಲಿ ಗರಗಸ. ಆ ಮೊಳೆಗಳಿಗೆ ಎಂಥ ಶಿಸ್ತು ಎಂದರೆ, ಒಮ್ಮೆ ಯಾರೋ ಇಕ್ಕಳವನ್ನು ತಪ್ಪು ಮೊಳೆಗೆ ಹಾಕಿದ್ದಕ್ಕೆ ಆ ಮೊಳೆ ನಾಚಿಕೆಯಿಂದ ತಲೆ ಬಗ್ಗಿಸಿತಂತೆ. ಬಗ್ಗಿದ ಮೊಳೆಯನ್ನು ಈಗಲೂ ನೋಡಬಹುದು. ಇಪ್ಪತ್ತೆರಡು ವರ್ಷ ಆ ಗೋಡೆಯನ್ನು ಕಾದ ಮನುಷ್ಯನಿಗೆ ಮೊಳೆಯಣ್ಣ ಅನ್ನದೆ ಇನ್ನೇನು ಅನ್ನುತ್ತಾರೆ? ಅವನ ಹೆತ್ತವರು ಇಟ್ಟ ಹೆಸರು ಅವನಿಗೂ ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು.

ಗುಮಾಸ್ತ ದಾರವನ್ನು ಹಲ್ಲಿನಿಂದ ಕಚ್ಚಿ ಎಳೆದ. ಅರ್ಧ ಟೈಯೇ ಬಿಚ್ಚಿಕೊಂಡು ಬಂತು. ಬಾಗಿಲ ಹೊರಗೆ ನಿಂತಿದ್ದ ನಾಲ್ಕು ಜನ ಹೊಟ್ಟೆ ಹಿಡಿದು ನಕ್ಕರು. ಅವನು ಕೆಂಪಗಾಗಿ, ನೇರ ದೊಡ್ಡ ಸಾಹೇಬರ ಕೋಣೆಗೆ ಹೋದ.

ಸಾಹೇಬರು ಬಂದು ಎರಡು ವಾರವಾಗಿತ್ತು. ಹೊಸಬರು, ಒಳ್ಳೆಯವರು. ಕೊನೆಗೆ ಯಾರು ಮಾತಾಡಿದರೋ ಅವರ ಮಾತು ನಿಜ ಅನ್ನುವಷ್ಟು ಒಳ್ಳೆಯವರು. ಒಂಬತ್ತೂವರೆಗೆ ಗುಮಾಸ್ತ ಅರ್ಧ ಟೈಯಲ್ಲೇ ವಾಪಸ್ ಬಂದು, ಸ್ಟೋರಿನ ಬಾಗಿಲಿಗೆ ಒಂದು ಕಾಗದ ಅಂಟಿಸಿ, ಊರಿಗೆಲ್ಲ ಕೇಳುವಂತೆ ಓದಿದ:

"ಹೊಸ ಯಂತ್ರ ಬರ್ತಾ ಇದೆ. ಅದರ ಪುಸ್ತಕ ಇಂಗ್ಲಿಷಲ್ಲಿದೆ. ಆದ್ದರಿಂದ ಸ್ಟೋರ್ ನೋಡ್ಕೊಳ್ಳೋರಿಗೆ ಇಂಗ್ಲಿಷ್ ಗೊತ್ತಿರಬೇಕು. ಇವತ್ತು ಸಂಜೆ ಐದಕ್ಕೆ ಪರೀಕ್ಷೆ. ಹತ್ತು ಪದ. ಒಂದೊಂದಕ್ಕೂ ಕಡಿಮೆ ಅಂದ್ರೆ ಎರಡೆರಡು ಅರ್ಥ ಹೇಳಬೇಕು. ತಪ್ಪಿದ್ರೆ ಕೀಲಿಕೈ ಗುಮಾಸ್ತರಿಗೆ ಒಪ್ಪಿಸಿ, ನಾಳೆಯಿಂದ ಅಂಗಳದಲ್ಲಿ ಕಬ್ಬಿಣದ ಪುಡಿ ಗುಡಿಸೋದು."

ಮೊಳೆಯಣ್ಣ ಸೊಂಟದ ಕೀಲಿಕೈ ಮುಟ್ಟಿ ನೋಡಿಕೊಂಡ. ಗೇಣುದ್ದದ ಕೀಲಿಕೈ. ಮಲಗುವಾಗಲೂ ಅದು ಸೊಂಟದಲ್ಲೇ ಇರುತ್ತಿತ್ತು. ಅವನ ಎಡ ತೊಡೆಯ ಮೇಲೆ ಅದರ ಅಚ್ಚು ಎಷ್ಟು ಚೆನ್ನಾಗಿ ಬಿದ್ದಿತ್ತೆಂದರೆ, ಮೇಣ ಹುಯ್ದರೆ ಇನ್ನೊಂದು ಕೀಲಿಕೈ ಎರಕ ತೆಗೆಯಬಹುದಿತ್ತು.

"ಯಾವ ಹತ್ತು ಪದ?" ಅಂದ.

"ಫೈಲ್, ನಟ್, ಬೋಲ್ಟ್, ಸ್ಪ್ರಿಂಗ್, ಡ್ರಿಲ್, ಪಂಚ್, ಟ್ಯಾಪ್, ವೈಸ್, ಪ್ಲೇನ್, ಕ್ರೇನ್."

ಮೊಳೆಯಣ್ಣ ಗಹಗಹಿಸಿ ನಕ್ಕ. "ಇವೆಲ್ಲಾ ನಮ್ಮನೆ ಮಕ್ಕಳು ಕಣಯ್ಯಾ! ಒಂಬತ್ತು ಈ ಗೋಡೆಲಿದಾವೆ, ಒಂದು ಅಂಗಳದಲ್ಲಿದೆ. ಫೈಲ್ ಅಂದ್ರೆ ಅರ. ಉಜ್ಜಿದ್ರೆ ಕಬ್ಬಿಣ ಸವೆಯುತ್ತೆ. ಇದಕ್ಕೆ ಎರಡನೇ ಅರ್ಥ ಎಲ್ಲಿಂದ ತರಲಿ? ಒಂದು ಮೊಳೆ, ಒಂದು ಸಾಮಾನು. ಒಂದು ಮಾತು, ಒಂದು ಅರ್ಥ!"

"ಅದನ್ನೇ ಸಂಜೆ ಸಾಹೇಬರ ಮುಂದೆ ಹೇಳು" ಅಂತ ಗುಮಾಸ್ತ ನಗುತ್ತ ಹೋದ.

ಕಾರ್ಖಾನೆಯಲ್ಲಿ ಸುದ್ದಿ ಹಬ್ಬುವುದಕ್ಕೆ ಸೈರನ್ ಬೇಕಿರಲಿಲ್ಲ, ಕ್ಯಾಂಟೀನಿನ ಅಕ್ಕ ಇದ್ದಳು. ಚಹಾದ ಕೆಟಲಿನ ಜೊತೆ ಓಡಿಬಂದವಳೇ, "ಫೈಲ್ ಅಂದ್ರೆ ಆಫೀಸಲ್ಲಿ ಧೂಳು ತಿನ್ನೋ ಕಾಗದದ ಕಟ್ಟು ಕಣೋ! ಅಷ್ಟೂ ಗೊತ್ತಿಲ್ವೇನೋ? ನನ್ನ ಪಿಂಚಣಿ ಫೈಲು ಎಂಟು ವರ್ಷದಿಂದ ಅಲ್ಲೇ ಮಲಗಿದೆ" ಅಂದಳು.

"ಅದು ಅವರ ಫೈಲಕ್ಕಾ. ನಂದು ಇದು" ಅಂತ ಅರ ತೋರಿಸಿದ ಮೊಳೆಯಣ್ಣ. "ನಾನು ಕಲಿಯಲ್ಲ. ಕಲಿತ್ರೆ ಅವನು ಗೆದ್ದ ಹಾಗೆ."

"ಕಲೀದಿದ್ರೆ ಕೀಲಿಕೈ ಹೋಗುತ್ತಲ್ಲೋ ಮೊಂಡ!"

ಅಷ್ಟರಲ್ಲಿ ಗೇಟಿನ ಕಾವಲುಗಾರ ಬಂದ. ಹಿಂದೆ ಸಿಪಾಯಿಯಾಗಿದ್ದವನು, ಎಲ್ಲರ ಬಾಯಲ್ಲೂ ಹವಾಲ್ದಾರ. "ಡ್ರಿಲ್ ಅಂದ್ರೆ ತೂತು ಕೊರೆಯೋದಲ್ರೀ, ಡ್ರಿಲ್ ಅಂದ್ರೆ ಇದು!" ಅಂದವನೇ ಸ್ಟೋರಿನ ನಡುವೆ ಎದೆ ಸೆಟೆದು ನಿಂತು ಕವಾಯತು ಶುರು ಮಾಡಿದ. ಎಡ, ಬಲ, ಎಡ, ಬಲ, ತಿರುಗ್! ತಿರುಗಿ ಬೂಟು ನೆಲಕ್ಕೆ ಕುಟ್ಟಿದ ರಭಸಕ್ಕೆ ಗೋಡೆ ನಡುಗಿ ಹದಿನಾಲ್ಕು ಸ್ಪ್ಯಾನರು, ಮೂರು ಸುತ್ತಿಗೆ ಮಾವಿನಕಾಯಿ ಉದುರಿದ ಹಾಗೆ ಉದುರಿದವು. ಒಂದು ಸುತ್ತಿಗೆ ಕೆಟಲಿಗೆ ಬಿತ್ತು. ಚಹಾ, ಪಕ್ಕದಲ್ಲೇ ನಿಂತಿದ್ದ ಕ್ರೇನ್ ಓಡಿಸುವ ಮೀಸೆಯವನ ಪ್ಯಾಂಟಿಗೆ ಚೆಲ್ಲಿತು. ಮೀಸೆಯವನು ಕುಣಿಯುತ್ತ ಹವಾಲ್ದಾರನ ಬೆನ್ನಿಗೆ ಒಂದು ಗುದ್ದು ಹಾಕಿದ.

"ನೋಡು, ಅದೇ ಪಂಚ್!" ಅಂತ ಅಕ್ಕ ಚಪ್ಪಾಳೆ ತಟ್ಟಿದಳು. "ಎರಡನೇ ಅರ್ಥ ಬಂತು!"

ಮೊಳೆಯಣ್ಣ ಬಿದ್ದ ಸಾಮಾನನ್ನೆಲ್ಲ ಆರಿಸಿ ಅದರದರ ನೆರಳಿಗೆ ಹಾಕುತ್ತ ಕೂತ. ತಲೆಯೊಳಗೆ ಮಾತ್ರ ಯಾವ ಸಾಮಾನೂ ಜಾಗದಲ್ಲಿರಲಿಲ್ಲ. ಒಬ್ಬ ಹೇಳಿದ್ದು ನೆನಪಾದರೆ ಇನ್ನೊಬ್ಬ ಹೇಳಿದ್ದು ಮರೆಯುತ್ತಿತ್ತು. ಗುದ್ದು ಪಂಚಾಯಿತೋ ಡ್ರಿಲ್ಲಾಯಿತೋ ಒಂದೂ ತಿಳಿಯದು.

ಮಧ್ಯಾಹ್ನ ಹೆಂಡತಿ ಬುತ್ತಿ ತಂದಳು. ಗಂಡನ ಮುಖ ನೋಡಿ, ಎಲ್ಲ ಕೇಳಿ, ಪಕ್ಕದಲ್ಲೇ ಕೂತಳು.

"ಒಂದು ಮಾತಿಗೆ ಒಂದೇ ಅರ್ಥ ಅಂತೀರಾ? ನೀವು ದಿನಾ 'ಆಯ್ತು' ಅಂತೀರಲ್ಲ, ಅದರ ಲೆಕ್ಕ ಕೊಡಿ ನೋಡೋಣ. ಊಟ ಆಯ್ತಾ ಅಂದ್ರೆ 'ಆಯ್ತು'. ಅದು ಮುಗೀತು ಅಂತ. ನಲ್ಲಿ ಸೋರ್ತಿದೆ ರಿಪೇರಿ ಮಾಡಿ ಅಂದ್ರೆ 'ಆಯ್ತು'. ಅದು ಮಾಡಲ್ಲ ಅಂತ. ನಮ್ಮಮ್ಮ ಬರ್ತಾಳೆ ಅಂದ್ರೆ 'ಆಯ್ತು'. ಅದು ನನ್ನ ಕತೆ ಮುಗೀತು ಅಂತ. ಹದಿನೆಂಟು ವರ್ಷದಿಂದ ನಾನು ಯಾವ ಪುಸ್ತಕ ನೋಡಿ ಅರ್ಥ ಮಾಡ್ಕೊಳ್ತಿದೀನಿ?"

"ಮುಖ ನೋಡಿ" ಅಂದ ಮೊಳೆಯಣ್ಣ ಮೆಲ್ಲಗೆ.

"ಹೂಂ. ನನಗೆ ನಿಮ್ಮ ಮುಖ ಇದೆ. ನಿಮಗೆ ಏನಿದೆ ನೋಡ್ಕೊಳ್ಳಿ."

ಮೊಳೆಯಣ್ಣ ಸುತ್ತ ನೋಡಿದ. ಅವನಿಗಿದ್ದದ್ದು ಗೋಡೆ. ತುತ್ತು ಬಾಯಲ್ಲೇ ಇಟ್ಟುಕೊಂಡು ಎದ್ದುನಿಂತ.

"ನಾನು ಕಲಿಯಲ್ಲ ಅಂದೆ, ಕಲಿಯಲ್ಲ. ಗೋಡೆ ಕಲೀಲಿ! ಏ ಮೀಸೆ, ಬಿಳಿ ಬಣ್ಣದ ಡಬ್ಬ ತಾ!"

"ಸೀಮೆಸುಣ್ಣ ಸಾಕಲ್ವಾ? ಆಮೇಲೆ ಅಳಿಸಬಹುದು" ಅಂದ ಮೀಸೆಯವನು.

"ಅಳಿಸೋಕೆ ಆಗಬಾರದು! ನಾಳೆ ಇನ್ನೊಬ್ಬ ಟೈ ಬಂದು ಕೇಳಿದ್ರೆ? ಬಣ್ಣಾನೇ ತಾ!"

ಆಮೇಲೆ ಎರಡೂವರೆ ಗಂಟೆ ಅಲ್ಲಿ ನಡೆದದ್ದು ಹೇಳಿದರೆ ನಂಬುವುದಿಲ್ಲ. ಅರದ ಪಕ್ಕ ಕಾಗದದ ಕಟ್ಟು ಬಂತು. ಡ್ರಿಲ್ಲಿನ ಪಕ್ಕ ಹವಾಲ್ದಾರ ಬೂಟು ಸಮೇತ ನಿಂತ. ತಗಡಿಗೆ ತೂತು ಹೊಡೆಯುವ ಪಂಚಿನ ಪಕ್ಕ ಒಂದು ಮುಷ್ಟಿ. ನಟ್ಟಿನ ಪಕ್ಕ ಗಟ್ಟಿ ಸಿಪ್ಪೆಯ ಬೀಜ. ತೂತಿನೊಳಗೆ ತಿರುಪಿನ ಗೆರೆ ಕೊರೆಯುವ ಟ್ಯಾಪಿನ ಪಕ್ಕ ತೊಟ್ಟಿಕ್ಕುವ ನಲ್ಲಿ. ಅದನ್ನು ಬರೆಯುವಾಗ ಹೆಂಡತಿ ಒಮ್ಮೆ ಕೆಮ್ಮಿದಳು. ಕಬ್ಬಿಣವನ್ನು ಬಿಗಿಹಿಡಿಯುವ ವೈಸ್ ಅಂದರೆ ಕೆಟ್ಟ ಚಟವೂ ಹೌದು ಅಂತ ಗೊತ್ತಾದಾಗ, ಉರಿಯುವ ಬೀಡಿಯ ಚಿತ್ರಕ್ಕೆ ಮೀಸೆಯವನನ್ನೇ ಎದುರು ಕೂರಿಸಿದರು. ಮರ ಹೆರೆಯುವ ಪ್ಲೇನಿಗೆ ವಿಮಾನ, ಸ್ಪ್ರಿಂಗಿಗೆ ನೀರಿನ ಬುಗ್ಗೆ. ಕ್ರೇನಿಗೆ ಅಲ್ಲಿ ಮೊಳೆಯೇ ಇರಲಿಲ್ಲ. ಅದಕ್ಕೆ ಅದನ್ನು ಕೊಕ್ಕರೆಯ ಸಮೇತ ಮೂಲೆಯಲ್ಲಿ ಬರೆದರು. ಕೊಕ್ಕರೆ ಮಡಚಿದ ಕೊಡೆಯ ಹಾಗೆ ಬಂದರೂ ಕೊಕ್ಕು ಇತ್ತಲ್ಲ, ಸಾಕು.

"ಬೋಲ್ಟಿಗೆ?" ಅಂದ ಮೊಳೆಯಣ್ಣ.

"ಬಾಗಿಲಿಗೆ ಹಾಕೋ ಬೋಲ್ಟು ಅಲ್ವೇನ್ರೀ? ಚಿಲಕ!" ಅಂದಳು ಹೆಂಡತಿ.

ತನ್ನ ಬಾಗಿಲ ಚಿಲಕವನ್ನೇ ನೋಡಿಕೊಂಡು ಮೊಳೆಯಣ್ಣ ಅದನ್ನು ಎಷ್ಟು ಚೆನ್ನಾಗಿ ಬರೆದನೆಂದರೆ, ಅಕ್ಕ ಹೋಗಿ ಎಳೆದು ನೋಡಿ ಬೆರಳಿಗೆಲ್ಲ ಬಣ್ಣ ಹಚ್ಚಿಕೊಂಡಳು.

ಐದಕ್ಕೆ ಆಫೀಸಿನಿಂದ ಕರೆ ಬಂತು. ಮೊಳೆಯಣ್ಣ ಕೈಕಟ್ಟಿ ನಿಂತ.

"ಸ್ಟೋರ್ ಬಿಟ್ಟು ಬರಲ್ಲ ಅಂತ ಹೇಳಿ. ಇಪ್ಪತ್ತೆರಡು ವರ್ಷದಲ್ಲಿ ಆರು ಗಂಟೆಗೆ ಮುಂಚೆ ಬೀಗ ಹಾಕಿಲ್ಲ. ಪರೀಕ್ಷೆ ಬೇಕಿದ್ರೆ ಪರೀಕ್ಷೆನೇ ಇಲ್ಲಿಗೆ ಬರಲಿ!"

ಎಲ್ಲರೂ ಬಾಗಿಲಿಗೆ ನುಗ್ಗಿ ಆಫೀಸಿನ ಕಡೆ ಇಣುಕಿದರು. ಹೆಂಡತಿ ಮಾತ್ರ ಖಾಲಿ ಬುತ್ತಿ ಎತ್ತಿಕೊಂಡು, "ಗೆದ್ರೂ ಸೋತ್ರೂ ಮನೆಗೆ ಬನ್ನಿ" ಅಂತ ಹೊರಟಳು. ಹತ್ತು ನಿಮಿಷಕ್ಕೆ ಸಾಹೇಬರು ತಾವೇ ಬಂದರು, ಹಿಂದೆ ಹೊಸ ಟೈ ಕಟ್ಟಿದ ಗುಮಾಸ್ತ.

"ಫೈಲ್" ಅಂದರು ಸಾಹೇಬರು.

ಮೊಳೆಯಣ್ಣ ಗೋಡೆ ನೋಡಿದ. "ಅರ. ಕಾಗದದ ಕಟ್ಟು."

"ಡ್ರಿಲ್?"

"ತೂತು ಕೊರೆಯೋದು. ಹವಾಲ್ದಾರ."

ಸಾಹೇಬರ ಹುಬ್ಬು ಏರಿತು, ಆದರೆ ತಲೆ ಆಡಿತು. ಹೀಗೆ ಹತ್ತೂ ಮುಗಿಯಿತು. ಗುಮಾಸ್ತ ತಡೆಯಲಾರದೆ ಕಿರುಚಿದ, "ಸಾರ್, ಇದು ಕಾಪಿ! ಗೋಡೆ ನೋಡ್ಕೊಂಡು ಹೇಳ್ತಿದಾನೆ!"

"ಹೌದು ಸಾರ್, ನೋಡ್ಕೊಂಡೇ ಹೇಳಿದ್ದು" ಅಂದ ಮೊಳೆಯಣ್ಣ. "ಮುನ್ನೂರ ಹನ್ನೆರಡು ಸಾಮಾನಿದೆ ಇಲ್ಲಿ. ಒಂದನ್ನೂ ನಾನು ತಲೆಯಲ್ಲಿ ಇಟ್ಕೊಂಡಿಲ್ಲ, ಗೋಡೆಯಲ್ಲಿ ಇಟ್ಟಿದೀನಿ. ಇಪ್ಪತ್ತೆರಡು ವರ್ಷದಲ್ಲಿ ಒಂದು ತಿರುಪು ಕಳೆದಿದ್ರೆ ಹೇಳಿ, ಈಗಲೇ ಪೊರಕೆ ಹಿಡೀತೀನಿ. ಎಲ್ಲಾನೂ ತಲೆಯಲ್ಲಿ ಇಟ್ಕೊಂಡಿರೋ ಇವರು ಬಿಲ್ಲೆ ಎಲ್ಲಿಟ್ಟಿದಾರೆ, ಕೇಳಿ ನೋಡಿ!"

ಗುಮಾಸ್ತ ಜೇಬು ತಡಕಿಕೊಂಡ. ಸಿಗಲಿಲ್ಲ. ಸಾಹೇಬರು ನಕ್ಕುಬಿಟ್ಟರು. ಮೊಳೆಯಣ್ಣನ ಸೊಂಟದ ಕಡೆ ಬೆರಳು ತೋರಿಸಿ, "ಕೊನೇದು. ಕೀ?" ಅಂದರು.

ಅದು ಗೋಡೆಯಲ್ಲಿರಲಿಲ್ಲ. ಅಕ್ಕ ಸೆರಗು ಕಚ್ಚಿದಳು. ಮೊಳೆಯಣ್ಣ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದ.

"ಇದಕ್ಕೆ ಒಂದೇ ಅರ್ಥ ಸಾರ್. ನಂದು!"

ಸಾಹೇಬರು ಅವನ ಭುಜ ತಟ್ಟಿದರು. "ಕೀಲಿಕೈ ನಿನ್ನದೇ. ಯಾರೂ ಮುಟ್ಟಬಾರದು. ಎಂಥಾ ಗೋಡೆ ಮಾಡಿದೀಯಪ್ಪಾ! ಇದು ನಿನ್ನೊಬ್ಬನದಲ್ಲ ಕಣೋ, ಇನ್ನು ಮೇಲೆ ಎಲ್ಲರದೂ!"

ಎಲ್ಲರೂ ಚಪ್ಪಾಳೆ ಹೊಡೆದರು. ಮೀಸೆಯವನು ಮೊಳೆಯಣ್ಣನನ್ನು ಎತ್ತಿ ಕುಣಿಸಿದ. ಸಾಹೇಬರು ಹೋಗುತ್ತ ಗುಮಾಸ್ತನ ಕಿವಿಯಲ್ಲಿ ಏನೋ ಹೇಳಿ ಹೋದರು.

ಜನ ಚದುರಿ ಸ್ವಲ್ಪ ಹೊತ್ತಿಗೆ, ಐದೂ ನಲವತ್ತಕ್ಕೆ, ಗುಮಾಸ್ತ ಮತ್ತೆ ಬಾಗಿಲಲ್ಲಿ ನಿಂತ. ಕೈಯಲ್ಲಿ ಫಳಫಳ ಉಜ್ಜಿದ ಹಿತ್ತಾಳೆ ಬಿಲ್ಲೆ.

"ಅಣ್ಣಾ, ಒಂದು ದೊಡ್ಡ ಸ್ಕ್ರೂಡ್ರೈವರ್ ಬೇಕಿತ್ತು."

ಅಣ್ಣಾ! ಬಿಲ್ಲೆ! ಮೊಳೆಯಣ್ಣನ ಎದೆ ಹೂವಾಯಿತು. ಇರುವುದರಲ್ಲೇ ದೊಡ್ಡ ಸ್ಕ್ರೂಡ್ರೈವರ್ ಆರಿಸಿ, ಒರೆಸಿ, ಎರಡೂ ಕೈಯಲ್ಲಿ ಕೊಟ್ಟ. ಬಿಲ್ಲೆಯನ್ನು ಮೊಳೆಗೆ ಹಾಕಿದ. "ಆರು ಗಂಟೆ ಒಳಗೆ ವಾಪಸ್ ಬರಬೇಕು, ನೆನಪಿರಲಿ. ಯಾಕೆ ಅಂತ ಮಾತ್ರ ಕೇಳಲ್ಲಪ್ಪ."

"ಗೊತ್ತಣ್ಣ. ಅದಕ್ಕೇ ಬಂದೆ."

ಮೊಳೆಯಣ್ಣ ತಿರುಗಿ ಕೊಕ್ಕರೆಯ ಒಂದು ಕಾಲು ತಿದ್ದುತ್ತಿದ್ದ. ಬೆನ್ನ ಹಿಂದೆ ಕಿರ್, ಕಿರ್ ಅಂತ ಸದ್ದು. ನೋಡಿದರೆ ಕಾರ್ಖಾನೆಯ ಬಡಗಿ ಸ್ಟೂಲು ಹತ್ತಿ, ಅದೇ ಸ್ಕ್ರೂಡ್ರೈವರಿನಿಂದ ಬಾಗಿಲ ಕೀಲಿನ ತಿರುಪು ಬಿಚ್ಚುತ್ತಿದ್ದಾನೆ.

"ಏಯ್! ಏನಯ್ಯಾ ಇದು?"

"ಸಾಹೇಬರ ಆರ್ಡರ್" ಅಂತ ಗುಮಾಸ್ತ ಕಾಗದ ಬಿಡಿಸಿದ. "ಈ ಗೋಡೆಯಿಂದ ಎಲ್ಲರೂ ಕಲಿಯಬೇಕು. ಆದ್ದರಿಂದ ಈ ಕೋಣೆ ಯಾವಾಗಲೂ ತೆರೆದಿರಬೇಕು, ಬಾಗಿಲು ಕಳಚಿ ಗೋದಾಮಿಗೆ ಹಾಕಬೇಕು. ಕೀಲಿಕೈ ಮಾತ್ರ ಮೊಳೆಯಣ್ಣನ ಹತ್ತಿರವೇ ಇರತಕ್ಕದ್ದು."

ಮೊಳೆಯಣ್ಣನ ಕೈ ಸ್ಕ್ರೂಡ್ರೈವರಿನ ಕಡೆ ಹೋಯಿತು. ಕಣ್ಣು ಮೊಳೆಯ ಕಡೆ ಹೋಯಿತು. ಮೊಳೆಯಲ್ಲಿ ಬಿಲ್ಲೆ ತೂಗುತ್ತಿತ್ತು. ಬಿಲ್ಲೆ ಕೊಟ್ಟವರಿಗೆ ಇಲ್ಲ ಅನ್ನುವ ಹಾಗಿಲ್ಲ. ಅವನದೇ ಕಾನೂನು. ಅಕ್ಕ, ಹವಾಲ್ದಾರ, ಮೀಸೆಯವನು ಮತ್ತೆ ಓಡಿಬಂದು ಅವನ ಮುಖವನ್ನೇ ನೋಡಿದರು.

ಮೊಳೆಯಣ್ಣ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡು ಸೊಂಟದ ಮೇಲಿಟ್ಟ.

"ಏನ್ರೋ ಹೀಗೆ ಎಳೆದಾಡ್ತಾ ಇದೀರಾ? ಆರಾಗೋಕೆ ಐದೇ ನಿಮಿಷ ಇದೆ! ಬೇಗ ಬಿಚ್ಚಿ! ಒಂದು ಸೆಕೆಂಡು ತಡ ಆದ್ರೂ ಆ ಬಿಲ್ಲೆ ವಾಪಸ್ ಕೊಡಲ್ಲ!"

ಬಡಗಿ ಬೆವರುತ್ತ ಬಿಚ್ಚಿದ. ಸ್ಕ್ರೂಡ್ರೈವರ್ ಆರಕ್ಕೆ ಸರಿಯಾಗಿ ತನ್ನ ನೆರಳಿಗೆ ಬಂದು ಸೇರಿತು. ಬಾಗಿಲು ಚಿಲಕದ ಸಮೇತ ನಾಲ್ವರ ಹೆಗಲೇರಿ ಹೊರಟಿತು. ಆ ಕೋಣೆಗೆ ಇನ್ನು ಉಳಿದದ್ದು ಗೋಡೆಯ ಮೇಲಿನ ಚಿಲಕ ಒಂದೇ.

ಎಲ್ಲರೂ ನೋಡುತ್ತಿದ್ದಂತೆ ಮೊಳೆಯಣ್ಣ ಬರಿದಾದ ಚೌಕಟ್ಟಿನ ಹೊರಗೆ ನಿಂತ. ಕೀಲಿಕೈ ತೆಗೆದ. ದಿನಾ ಬೀಗ ಇರುತ್ತಿದ್ದ ಎತ್ತರಕ್ಕೇ ಹಿಡಿದು ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿದ. ಬಿದ್ದಿದೆಯೋ ಇಲ್ಲವೋ ಅಂತ ಗಾಳಿಯನ್ನೇ ಒಮ್ಮೆ ಜಗ್ಗಿ ನೋಡಿದ.

"ಬೀಗ ಹಾಕಿದೆ! ನಾಳೆ ಎಂಟಕ್ಕೆ ಮುಂಚೆ ಯಾರಾದ್ರೂ ಒಳಗೆ ಕಾಲಿಟ್ರೆ ಕಾಲು ಮೊಳೆಗೆ ತೂಗುತ್ತೆ!"

ಹವಾಲ್ದಾರ ಅವನಿಗೆ ಒಂದು ಸಲಾಮು ಹೊಡೆದ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಒಳಗೆ ನಲ್ಲಿ ಸೋರುತ್ತಿತ್ತು.

"ಏನ್ರೀ, ಏನಾಯ್ತು?"

"ಆಯ್ತು" ಅಂದ ಮೊಳೆಯಣ್ಣ.

ಅವಳು ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ, ಅದು ಯಾವ 'ಆಯ್ತು' ಅಂತ ಅವಳಿಗೆ ಗೊತ್ತಾಗಲಿಲ್ಲ.