ಸೆಮಿಫೈನಲ್ ದಿನದ ಸಾಂಬಾರು

ಫುಟ್‌ಬಾಲ್ ವಿಷಯ ಬಂದರೆ ಕಾಂತಪ್ಪನ ಬಾಯಿಗೆ ಬೀಗ ಇರುತ್ತಿರಲಿಲ್ಲ. ವಡಾಲದ ಉಡುಪಿ ಹೋಟೆಲೊಂದರಲ್ಲಿ ಅವನು ಸೂಪರ್‌ವೈಸರ್, ಅದು ಹೊಟ್ಟೆಪಾಡು. ಅದೇ ಹೋಟೆಲಿನ ಹುಡುಗರ ಫುಟ್‌ಬಾಲ್ ಟೀಮಿಗೆ ಮ್ಯಾನೇಜರ್. ಅದು ಅವನ ಜೀವ. ಮುಂಬಯಿಯ ಕನ್ನಡಿಗರ ಹೋಟೆಲು, ಕ್ಯಾಂಟೀನುಗಳ ಲೀಗಿನಲ್ಲಿ ವರ್ಷಾನುಗಟ್ಟಲೆ ಮುಗ್ಗರಿಸುತ್ತಿದ್ದ ಟೀಮು ಈ ಸಲ ಹೇಗೋ ತೆವಳಿಕೊಂಡು ಪ್ಲೇಆಫ್ ತಲುಪಿತ್ತು. ಇವತ್ತು ಸಂಜೆ ಸೆಮಿಫೈನಲ್.

ಹೋಟೆಲಿನ ಒಡತಿ ನೀಲಾವತಿ ಬೆಳಿಗ್ಗೆಯೇ ಗಲ್ಲಾದಲ್ಲಿ ಕೂತು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು.

“ಕಾಂತಪ್ಪಣ್ಣ, ಇವತ್ತು ಸೋತ್ರೆ ಟೀಮ್ ಬಂದ್. ಪ್ರತಿ ಸಲ ಹುಡುಗರು ಕಾಲು ಉಳುಕಿಸ್ಕೊಂಡು ಬರುದು, ಮರುದಿನ ಟೇಬಲ್ ಒರೆಸ್ಲಿಕ್ಕೂ ಜನ ಇಲ್ಲ. ಸಾಕಾಯ್ತು ನಂಗೆ.”

ಟೀಮಿಲ್ಲದ ಭಾನುವಾರವನ್ನು ಕಲ್ಪಿಸಿಕೊಳ್ಳುವುದೂ ಕಾಂತಪ್ಪನಿಂದ ಆಗಲಿಲ್ಲ. ಆ ಚಿಂತೆಯಲ್ಲೇ ಓಡಾಡುತ್ತಿದ್ದವನನ್ನು ಇಡ್ಲಿ ತಿನ್ನುತ್ತಿದ್ದ ಗಿರಿಜಾ ಮೀಸೆಯ ಗಿರಾಕಿಯೊಬ್ಬ ಕರೆದ. ಮಾತು ಕೇಳಿದರೆ ವಿಜಯಪುರದ ಕಡೆಯವನು.

“ನಿಮ್ಮ ಟೀಮ್ ಇವತ್ತ ಸೆಮಿಫೈನಲ್ ಆಡತೈತಂತಲ್ರೀ. ಹ್ಯಾಂಗದಾರ ಹುಡುಗ್ರು?”

ಕಾಂತಪ್ಪ ಕುರ್ಚಿ ಎಳೆದುಕೊಂಡು ಕೂತೇಬಿಟ್ಟ. “ಗೋಲಿಗೆ ನಮ್ಮ ಸಂದೀಪ. ದೋಸೆ ಕಾವಲಿ ಮುಂದೆ ನಿಂತು ನಿಂತು ಅವನ ಕೈಗೆ ಹೆದರಿಕೆಯೇ ಇಲ್ಲ ಮಾರಾಯ್ರೆ, ಎಂಥ ಬಾಲ್ ಬಂದ್ರೂ ಹಿಡೀತಾನೆ. ಮುಂದೆ ಪ್ರಶಾಂತ, ಸಪ್ಲೈಯರ್. ಮಧ್ಯಾಹ್ನದ ರಶ್ಶಿನಲ್ಲಿ ಎರಡು ಕೈಯಲ್ಲೂ ಕಾಫಿ ಹಿಡ್ಕೊಂಡು ಒಂದು ತೊಟ್ಟು ಚೆಲ್ಲದೆ ನುಗ್ಗುವವ. ಅವನಿಗೆ ಡಿಫೆಂಡರ್ ಎಲ್ಲ ಯಾವ ಲೆಕ್ಕ?”

“ಹಂಗಾದ್ರ ವೀಕ್‌ನೆಸ್ ಅನ್ನೂದು ಇಲ್ಲೇ ಇಲ್ಲನ್ರೀ?”

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಬಾಯಿ ಮುಚ್ಚುತ್ತಿದ್ದರು. ಕಾಂತಪ್ಪ ಅಕ್ಕಪಕ್ಕ ನೋಡಿ ದನಿ ತಗ್ಗಿಸಿದ.

“ಒಂದುಂಟು. ಯಾರಿಗೂ ಹೇಳ್ಬೇಡಿ. ನಮ್ಮವರೆಲ್ಲ ಸಪ್ಲೈಯರ್‌ಗಳಲ್ವಾ? ಗ್ರೌಂಡಿನಲ್ಲಿ ಯಾರು ‘ಇಧರ್ ದೇ’ ಅಂತ ಕೂಗಿದ್ರೂ ಬಾಲ್ ಕೊಟ್ಟುಬಿಡ್ತಾರೆ. ಜರ್ಸಿ ಯಾವುದು ಅಂತ ಸಹ ನೋಡುದಿಲ್ಲ. ಅಭ್ಯಾಸ ನೋಡಿ!”

ಇಷ್ಟು ಆಸಕ್ತಿಯಿಂದ ಕೇಳುವವನು ಸಿಗುವುದು ಅಪರೂಪವೆಂದು ಕಾಂತಪ್ಪ ತಾನೇ ಒಳಗೆ ಹೋಗಿ ಒಂದು ಬಿಸಿ ವಡೆ ತಂದು ಬಡಿಸಿದ. ಗಿರಾಕಿ ಅದನ್ನೂ ಮುಗಿಸಿ, ಮೀಸೆ ಒರೆಸಿಕೊಂಡು ಎದ್ದು ಕೈ ಮುಗಿದ.

“ಭಾಳ ಉಪಕಾರ ಆತ್ರೀ. ನಾನು ಶಂಕ್ರೆಪ್ಪ, ಪರೇಲ್ ಕ್ಯಾಂಟೀನ್ ಟೀಮಿನ ಕೋಚ್. ಸಂಜೀಕ ಗ್ರೌಂಡಿನ್ಯಾಗ ಸಿಗೂಣು.”

ಪರೇಲಿನವರೇ ಇವತ್ತಿನ ಎದುರಾಳಿಗಳು. ಕಾಂತಪ್ಪ ಖಾಲಿ ತಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತ.

ಗಿರಾಕಿಗಳು ತುಸು ಕಡಿಮೆಯಾಗುತ್ತಲೇ ಅವನು ಹುಡುಗರನ್ನೆಲ್ಲ ಅಡುಗೆಮನೆಗೆ ಕರೆದು ಅಪ್ಪಣೆ ಹೊರಡಿಸಿದ.

“ಇನ್ನು ಮುಂದೆ ಯಾರು ಕರೆದ್ರೂ ತಿರುಗ್ಲಿಕ್ಕಿಲ್ಲ. ಯಾರೇ ಆಗ್ಲಿ! ಕಿವಿಯೇ ಇಲ್ಲ ಅಂತ ತಿಳ್ಕೊಳ್ಳಿ. ಈಗಿಂದಲೇ ಪ್ರಾಕ್ಟೀಸ್.”

“ಕಾಂತಪ್ಪಣ್ಣ, ಊಟದ ಟೈಮಲ್ಲಿ ಗಿರಾಕಿ ಕರೆದ್ರೆ?” ಎಂದ ಪ್ರಶಾಂತ.

“ಗಿರಾಕಿ ಕೂಗಿದಾಗ ತಿರುಗದವ ಮಾತ್ರ ಗ್ರೌಂಡಿನಲ್ಲೂ ತಿರುಗುದಿಲ್ಲ. ಗೊತ್ತಾಯ್ತಾ?”

ಗೊತ್ತಾಯಿತು. ಎಷ್ಟು ಚೆನ್ನಾಗಿ ಗೊತ್ತಾಯಿತೆಂದರೆ ಆ ಮಧ್ಯಾಹ್ನ ಹೋಟೆಲು ಮೀನು ಮಾರ್ಕೆಟಿನ ಹಾಗಾಯಿತು. “ಸಾಂಬಾರ್!”, “ಪಾನಿ ಲಾವೋ!” ಎಂಬ ಕೂಗಿನ ನಡುವೆ ಹುಡುಗರು ಮೆರವಣಿಗೆಯ ಆನೆಗಳಂತೆ ಗಂಭೀರವಾಗಿ ಸಾಗಿದರು. ಒಬ್ಬ ಅಜ್ಜ ಕೂಗಿ ಕೂಗಿ ಸಾಕಾಗಿ, ತಾನೇ ಬಟ್ಟಲು ಹಿಡಿದು ಅಡುಗೆಮನೆಗೆ ನುಗ್ಗಿ ಸಾಂಬಾರು ಬಡಿಸಿಕೊಂಡ. ಬರುವಾಗ ಪಕ್ಕದ ಟೇಬಲಿನವರಿಗೂ ಒಂದಿಷ್ಟು ತಂದುಕೊಟ್ಟ. ಹೆಂಗಸೊಬ್ಬಳು ಗಲ್ಲಾಕ್ಕೆ ಬಂದು, “ತುಮ್ಹಾರಾ ಸ್ಟಾಫ್ ಬಹರಾ ಹೈ ಕ್ಯಾ?” ಎಂದು ತನ್ನ ಕಿವಿ ಮುಟ್ಟಿ ತೋರಿಸುತ್ತ ಕೇಳಿದಳು.

ನೀಲಾವತಿಯ ಮುಖ ಕೆಂಪೇರಿತು. “ಎಂತ ಕಾಂತಪ್ಪಣ್ಣ ಇದು? ನಾಟಕವಾ?”

“ಒಂದು ದಿನ ಸುಧಾರಿಸ್ಕೊಳ್ಳಿ ಅಕ್ಕ. ಸಂಜೆ ನೀವೇ ಬಂದು ನೋಡಿ.”

“ಬರ್ತೇನೆ. ಟೀಮಿನ ಕಡೇ ಮ್ಯಾಚು ನೋಡದೆ ಇರ್ತೇನಾ?” ಎಂದಳು ಅವಳು. ಅಲ್ಲಿಂದ ಸಂಜೆಯವರೆಗೆ ನೀರು, ಸಾಂಬಾರು ಎಂದು ಎಲ್ಲ ಟೇಬಲಿಗೂ ಕಾಂತಪ್ಪನೇ ಓಡಿದ.

ಸಂಜೆ ಮೈದಾನದಲ್ಲಿ ಸೀಟಿ ಊದಿದ್ದೇ ತಡ, ಶಂಕ್ರೆಪ್ಪನ ಹುಡುಗರು ಶುರುಮಾಡಿದರು. “ಏ, ಇಧರ್ ದೇ!”, “ಏಕ್ ಮಸಾಲಾ!”, “ಬಾಸ್, ಬಿಲ್ ಲಾ!” ಪ್ರಶಾಂತ ಕತ್ತು ಕೊಂಕಿಸಲಿಲ್ಲ. ಉಳಿದವರೂ ಅಷ್ಟೇ. ಕಾಂತಪ್ಪನಿಗೆ ಆನಂದದಿಂದ ಕಣ್ಣು ತುಂಬಿಬಂತು. ಅರ್ಧ ಆಟ ಮುಗಿದರೂ ಯಾರಿಗೂ ಗೋಲಿಲ್ಲ. ಸಂದೀಪ ಬಂದ ಚೆಂಡನ್ನೆಲ್ಲ ಕಾವಲಿಯಿಂದ ದೋಸೆ ಎತ್ತಿದಷ್ಟು ಸಲೀಸಾಗಿ ಎತ್ತಿಕೊಳ್ಳುತ್ತಿದ್ದ.

ಆಟ ಮುಗಿಯುತ್ತ ಬಂದಾಗ ಚೆಂಡು ಪ್ರಶಾಂತನ ಕಾಲಿಗೆ ಸಿಕ್ಕಿತು. ಎದುರಿಗೆ ಇಬ್ಬರಿದ್ದರು. ಕಾಂತಪ್ಪ ಗೆರೆಯ ಉದ್ದಕ್ಕೂ ಓಡುತ್ತ ಗಂಟಲು ಹರಿಯುವಂತೆ ಅರಚಿದ: “ಏ ಪ್ರಶಾಂತಾ, ಹಿಂದೆ ಕೊಡೋ! ಸಂದೀಪನಿಗೆ ಕೊಡು! ಮುಂದೆ ಹೋಗ್ಬೇಡ್ವೋ!”

ಪ್ರಶಾಂತ ಮುಂದಕ್ಕೇ ಹೋದ. ಇಬ್ಬರ ನಡುವೆ ಕಾಫಿ ಹಿಡಿದವನಂತೆ ನುಸುಳಿ ಒಂದು ಒದೆ ಕೊಟ್ಟ. ಗೋಲ್! ಆಮೇಲೆ ಆಟ ಮುಗಿದ ಸೀಟಿಯೇ ಕೇಳಿಸಿದ್ದು.

ಕಾಂತಪ್ಪ ಕುಣಿದ, ಕಂಡವರನ್ನೆಲ್ಲ ತಬ್ಬಿಕೊಂಡ, ನೀಲಾವತಿಯ ಮುಂದೆ ಬಂದು ಏದುಸಿರು ಬಿಡುತ್ತ ನಿಂತ. “ಅಕ್ಕ, ಟೀಮ್ ಉಳೀತಲ್ವಾ?”

“ಉಳೀತು, ಉಳೀತು,” ಎಂದು ನೀಲಾವತಿಯೂ ನಕ್ಕಳು.

ಅಷ್ಟರಲ್ಲಿ ಶಂಕ್ರೆಪ್ಪ ಬಂದು ಕಾಂತಪ್ಪನ ಕೈ ಕುಲುಕಿದ. “ನೀವು ಭಾಳ ಶಾಣ್ಯಾ ಬಿಡ್ರೀ. ಮುಂಜಾನೆ ಸಣ್ಣ ವೀಕ್‌ನೆಸ್ ಹೇಳಿ ದೊಡ್ಡದು ಮುಚ್ಚಿಟ್ಟಿರಿ.”

“ದೊಡ್ಡದು ಯಾವುದು ಮಾರಾಯ್ರೆ?”

“ನೀವ ಅಲ್ರೀ! ನಿಮ್ಮ ಲೀಗ್ ಮ್ಯಾಚ್ ಎಲ್ಲಾ ಮಂದ್ಯಾಗ ನಿಂತು ನೋಡೀನಿ. ನೀವು ಒದರಿದಾಗೆಲ್ಲ ಹುಡುಗ್ರು ನಿಮ್ಮ ಕಡೆ ಹೊಳ್ಳಿ ನೋಡ್ತಿದ್ರು, ಎದುರಿನವ್ರು ಚೆಂಡು ಹೊಡಕೊಂಡು ಹೋಗ್ತಿದ್ರು. ಆ ನಿಮ್ಮ ದನೀನ ನಂಬಿ ಬಂದಿದ್ವಿ. ಇವತ್ತ ಒಬ್ಬನೂ ಹೊಳ್ಳಲಿಲ್ಲ ನೋಡ್ರಿ!”

ಕಾಂತಪ್ಪ ನಗಲು ನೋಡಿದ, ಆಗಲಿಲ್ಲ. ನೀಲಾವತಿ ಅವನನ್ನೇ ನೋಡುತ್ತಿದ್ದಳು. ಹೋಟೆಲಿನ ಲೆಕ್ಕದಲ್ಲಿ ತಪ್ಪು ಸಿಕ್ಕಾಗ ಅವಳು ನೋಡುವುದು ಹಾಗೆಯೇ.

“ಫೈನಲ್ ಮುಂದಿನ ಭಾನುವಾರ ಅಂಧೇರಿಯಲ್ಲಿ ಅಲ್ವಾ?” ಎಂದಳು. “ಹುಡುಗರನ್ನು ನಾನು ಕರ್ಕೊಂಡು ಹೋಗ್ತೇನೆ. ನೀವು ವಡಾಲದಲ್ಲೇ ಗಲ್ಲಾ ನೋಡ್ಕೊಳ್ಳಿ ಕಾಂತಪ್ಪಣ್ಣ.”

ಕಾಂತಪ್ಪನ ಮುಖ ಎಣ್ಣೆಯಲ್ಲಿ ಉಬ್ಬಿ ತಣಿದ ಬನ್ಸಿನ ಹಾಗೆ ಇಳಿಯಿತು. ಆದರೂ ಅತ್ತ ಪ್ರಶಾಂತನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದ ಹುಡುಗರನ್ನು ಕಂಡು ಅವನಿಗೆ ಸಿಟ್ಟು ಬರಲಿಲ್ಲ. ಟೀಮು ಉಳಿಯಿತಲ್ಲ, ಅಷ್ಟು ಸಾಕು.

“ಆಗ್ಲಿ ಅಕ್ಕ,” ಎಂದ ಮೆಲ್ಲಗೆ. “ಫೋನ್ ಆದ್ರೂ ಮಾಡ್ಬಹುದಾ?”

“ನಾವೇ ಮಾಡ್ತೇವೆ,” ಎಂದಳು ನೀಲಾವತಿ, “ಮ್ಯಾಚ್ ಮುಗಿದ ಮೇಲೆ.”